ಪಟ್ಟಿಯಲ್ಲಿ ಇಲ್ಲದ ಮನೆ

ನಾನು ಬೆಳಿಗ್ಗೆ ಐದಕ್ಕೆ ಏಳುವವಳು. ಮಣಿಪಾಲದಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದೆ. ನಿವೃತ್ತಿಯಾಗಿ ಬಹಳ ಕಾಲವಾದರೂ ದೇಹಕ್ಕೆ ಅದು ಗೊತ್ತಾಗಿಲ್ಲ. ಐದಕ್ಕೆ ಏಳುವುದು, ಐದೂವರೆಗೆ ಚಹಾ, ಆರಕ್ಕೆ ಗೇಟಿನವರೆಗೆ ಹೋಗಿ ಹಾಲು ಮತ್ತು ಪೇಪರ್ ತರುವುದು. ಸೆಪ್ಟೆಂಬರಿನ ಆ ಭಾನುವಾರ ಗೇಟಿನವರೆಗೆ ಹೋಗಲು ಆಗಲಿಲ್ಲ. ಅಂಗಳಕ್ಕೆ ಇಳಿಯುವ ಮೆಟ್ಟಿಲು ನಾಲ್ಕು. ಕೆಳಗಿನ ಎರಡು ಕಾಣುತ್ತಿರಲಿಲ್ಲ.

ನಮ್ಮ ಕೆಮ್ಮಣ್ಣು ಊರಿನವರಿಗೆ ನೀರು ಹೊಸದಲ್ಲ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಹಿನ್ನೀರು, ನಡುವೆ ತೆಂಗಿನ ತೋಟಗಳು. ವರ್ಷಕ್ಕೊಮ್ಮೆ ಗದ್ದೆಗೆ ನೀರು ಬರುತ್ತದೆ, ಹೋಗುತ್ತದೆ. ಆದರೆ ಅಂದು ಕಾರ್ಕಳದ ಕಡೆ ರಾತ್ರಿಯಿಡೀ ಸುರಿದ ಮಳೆ ಬೆಳಿಗ್ಗೆ ಒಟ್ಟಾಗಿ ನಮ್ಮಲ್ಲಿಗೆ ಇಳಿದಿತ್ತು. ಕೆಂಪು ನೀರು. ಅದರಲ್ಲಿ ಯಾರದೋ ಪ್ಲಾಸ್ಟಿಕ್ ಕುರ್ಚಿಯೊಂದು ಕಾಲು ಮೇಲೆ ಮಾಡಿಕೊಂಡು ನಮ್ಮ ಗೇಟಿನ ಮುಂದಿನಿಂದ ಹಾದುಹೋಯಿತು.

ಹಿತ್ತಿಲಿನ ದಿಬ್ಬದ ದಾರಿಯಲ್ಲಿ ಸುತ್ತಿ ಬಂದು, ಆರೂಮುಕ್ಕಾಲಿಗೆ ನಾನು ಶಾಲೆಯಲ್ಲಿದ್ದೆ. ನಮ್ಮ ಶಾಲೆ ಸಣ್ಣ ಗುಡ್ಡೆಯ ಮೇಲಿದೆ, ಹೆದ್ದಾರಿಗೆ ಹೋಗುವ ರಸ್ತೆಯೂ ಆ ಎತ್ತರದಲ್ಲೇ ಇದೆ. ಪಂಚಾಯತ್ ಸದಸ್ಯೆ ಬಾಗಿಲು ತೆರೆಸಿದ್ದಳು. ನನ್ನನ್ನು ಕಂಡು ಅವಳ ಮುಖಕ್ಕೆ ಜೀವ ಬಂತು.

"ಸಿಸ್ಟ್ರಕ್ಕ, ಯಾರು ಬಂದಿದ್ದಾರೆ, ಯಾರು ಬರಲಿಲ್ಲ, ಒಂದೂ ಗೊತ್ತಾಗುವುದಿಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀವು ಅದೊಂದು ನೋಡಿಕೊಳ್ಳಿ."

ನೋಡಿಕೊಳ್ಳುತ್ತೇನೆ ಎಂದೆ. ಪಟ್ಟಿ ಬರೆದ ಪುಸ್ತಕ ನನ್ನ ಚೀಲದಲ್ಲೇ ಇತ್ತು.

ಅದು ಹೇಳಿಕೆಯ ಪಟ್ಟಿ. ನಮ್ಮ ಭಜನಾ ಮಂದಿರದ ವರ್ಷದ ಕಾರ್ಯಕ್ರಮಕ್ಕೆ ಪ್ರತಿ ಮನೆಗೂ ಹೋಗಿ, ಅಂಗಳದಲ್ಲಿ ನಿಂತು, ಬಾಯಿಬಿಟ್ಟು ಕರೆಯಬೇಕು. ಅದನ್ನೇ ನಮ್ಮಲ್ಲಿ ಹೇಳಿಕೆ ಎನ್ನುವುದು. ಕಾಗದ ಕಳುಹಿಸಿದರೆ ಸಾಲದು, ಫೋನ್ ಮಾಡಿದರೂ ಸಾಲದು. ಹೇಳಿಕೆ ತಪ್ಪಿದ ಮನೆಯವರು ಆ ವರ್ಷ ಬರುವುದಿಲ್ಲ, ಮತ್ತೆ ಎರಡು ವರ್ಷ ಮಾತೂ ಆಡುವುದಿಲ್ಲ. ಆದ್ದರಿಂದ ಪಟ್ಟಿಯನ್ನು ನಾನೇ ಇಟ್ಟುಕೊಂಡಿದ್ದೇನೆ. ನಮ್ಮ ತಗ್ಗಿನ ಭಾಗದಲ್ಲಿ ನಲವತ್ತೊಂದು ಮನೆ. ಪ್ರತಿಯೊಂದಕ್ಕೂ ಮನೆಯ ಹೆಸರುಂಟು, ಹೆಸರಿನ ಎದುರು ಎಷ್ಟು ಜನ ಎಂದು ಉಂಟು. ಇಂಥ ದಿನಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಸರ್ಕಾರದ ಹತ್ತಿರವೂ ಇರಲಾರದು ಎಂದು ನಾನು ಹೆಮ್ಮೆಪಟ್ಟೆ. ಗೆರೆ ಎಳೆದು ಇನ್ನೊಂದು ಕಾಲಂ ಮಾಡಿ, ಶಾಲೆಗೆ ತಾವಾಗಿಯೇ ಬಂದಿದ್ದ ಹದಿನೆಂಟು ಮನೆಯವರಿಗೆ ಗುರುತು ಹಾಕಿದೆ. ಹದಿನೇಳನೆಯದು ದುಬೈಯಲ್ಲಿರುವವರ ದೊಡ್ಡ ಮನೆ. ಬೀಗ. ಅದಕ್ಕೂ ಗುರುತು ಹಾಕಿದೆ.

ಎಂಟೂಕಾಲಿಗೆ ಉಚ್ಚಿಲದಿಂದ ಟೆಂಪೊ ಬಂತು. ಅದರ ಮೇಲೆ ದೋಣಿ. ದೋಣಿಯ ಮೂಗು ಡ್ರೈವರನ ತಲೆಯ ಮೇಲೆ ಒಂದು ಮಾರು ಮುಂದೆ ಚಾಚಿತ್ತು. ಯಾರೂ ಅವರನ್ನು ಅಧಿಕೃತವಾಗಿ ಕರೆದಿರಲಿಲ್ಲ. ನಮ್ಮೂರಿಗೆ ಹೆಣ್ಣು ಕೊಟ್ಟಿದ್ದ ಒಬ್ಬರು ಫೋನ್ ಮಾಡಿದ್ದರಂತೆ, ಅಷ್ಟಕ್ಕೇ ಐದು ಜನ ಹೊರಟುಬಂದಿದ್ದರು. ಅವರ ಮುಖ್ಯಸ್ಥ, ಸಮುದ್ರದ ದೋಣಿ ನಡೆಸುವ ತಂಡೇಲ, ಐವತ್ತೈದರ ಆಸುಪಾಸಿನ ಮನುಷ್ಯ. ಇಳಿದವನು ಮೊದಲು ನೋಡಿದ್ದು ನಮ್ಮನ್ನಲ್ಲ, ಗುಡ್ಡೆಯ ಬುಡದಲ್ಲಿ ಶಾಲೆಯ ಗೇಟಿನ ಕೆಂಪುಕಲ್ಲಿನ ಕಂಬಕ್ಕೆ ನೀರು ಎಲ್ಲಿ ತಾಗುತ್ತಿದೆ ಎಂಬುದನ್ನು.

"ಮೂರು ಗಂಟೆಗೆ ಭರತ," ಎಂದ. "ಸಮುದ್ರ ತುಂಬಿದರೆ ಹೊಳೆಯ ನೀರಿಗೆ ಹೋಗಲು ದಾರಿ ಇಲ್ಲ. ಈಗ ಕಾಣುವುದಕ್ಕಿಂತ ಎರಡು ಅಡಿ ಏರುತ್ತದೆ. ಅಷ್ಟರಲ್ಲಿ ಎಲ್ಲರೂ ಮೇಲೆ ಬರಬೇಕು. ದಾರಿ ತೋರಿಸುವವರು ಯಾರು?"

ದಾರಿ ತೋರಿಸಲು ನಮ್ಮ ನೆರೆಮನೆಯ ರಿಕ್ಷಾದವನನ್ನು ಕೊಟ್ಟೆ. ನಲವತ್ತು ವರ್ಷದ ಆಳು, ಊರಿನ ಎಲ್ಲ ಅಂಗಳಗಳಲ್ಲಿ ರಿಕ್ಷಾ ತಿರುಗಿಸಿದವನು. ಅವನ ಕೈಗೆ ಪಟ್ಟಿಯ ಪ್ರತಿ ಕೊಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಲು ಹೇಳಿದೆ. ನಮ್ಮೊಳಗೆ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕ್ರಮ ಬಿಡಬೇಡ," ಎಂದೆ. "ನೀರು ಹೆಚ್ಚು ನಿಂತ ಮನೆಗಳಿಗೆ ಒಂದು, ಎರಡು, ಮೂರು ಎಂದು ಹಾಕಿದ್ದೇನೆ. ನಡುವೆ ಯಾರು ಕೂಗಿದರೂ ಆಮೇಲೆ ಬರುತ್ತೇವೆ, ಅಲ್ಲೇ ಇರಿ ಎಂದು ಹೇಳು. ಒಬ್ಬರಿಗಾಗಿ ತಿರುಗಿಸಿದರೆ ಹತ್ತು ಜನರಿಗಾಗಿ ತಿರುಗಿಸಬೇಕಾಗುತ್ತದೆ."

"ಎಂತ ಸಿಸ್ಟ್ರಕ್ಕ, ನೆರೆಗೂ ಟೈಮ್‌ಟೇಬಲಾ?"

"ಹೌದು. ಹೊರಡು."

"ಹೊರಟೆ ಮಾರಾಯ್ತಿ. ಇಂಜೆಕ್ಷನ್ ಮಾತ್ರ ಚುಚ್ಚಬೇಡಿ."

ಒಂದೂ ತಪ್ಪಲಿಲ್ಲ. ಮೂರೂವರೆ ಗಂಟೆಯಲ್ಲಿ ದೋಣಿ ಹದಿಮೂರು ಸಲ ಹೋಗಿ ಬಂತು. ಹಾಸಿಗೆ ಹಿಡಿದ ಅಜ್ಜಿಯೊಬ್ಬಳು ಬಾಗಿಲಿನ ಹಲಗೆಯ ಮೇಲೆ ಮಲಗಿಕೊಂಡೇ ಬಂದಳು. ಒಬ್ಬರು ಎರಡು ದನ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದರು. ದನಗಳನ್ನು ಈಜಿಸಿಕೊಂಡು ತಂದರು. ಪ್ರತಿ ಸಲ ದೋಣಿ ಗೇಟಿಗೆ ತಾಗುವಾಗ ನಾನು ನಿಂತು ಎಣಿಸುತ್ತಿದ್ದೆ, ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದೆ. ಮೇಲೆ ಶಾಲೆಯ ಜಗಲಿಯಲ್ಲಿ ಕಾಪುವಿನಿಂದ ಬಂದಿದ್ದ ಬ್ಯಾರಿ ಯುವಕರು ದೊಡ್ಡ ಪಾತ್ರೆ ಇಟ್ಟುಕೊಂಡು ಕೂತಿದ್ದರು. ಅಕ್ಕಿ ಇತ್ತು, ಪಾತ್ರೆ ಇತ್ತು, ನೀರಿಗಂತೂ ಬರವಿಲ್ಲ, ಗ್ಯಾಸ್ ಮಾತ್ರ ಮುಗಿದಿತ್ತು. ಊರಿನ ಕಟ್ಟಿಗೆಯೆಲ್ಲ ತೇಲಿಹೋಗಿತ್ತು. ಹನ್ನೊಂದಕ್ಕೆ ಕಾರ್ಕಳದ ಆಚೆಯ ಅಜೆಕಾರಿನಿಂದ ಒಂದು ಪಿಕಪ್ ಬಂತು. ಟಾರ್ಪಾಲ್ ಎತ್ತಿದರೆ ಅಡಿಯಲ್ಲಿ ಒಣ ಕಟ್ಟಿಗೆ, ಮುಟ್ಟಿದರೆ ಧೂಳು ಬರುವಷ್ಟು ಒಣಗಿದ್ದು.

"ನೀರು ಕಳುಹಿಸಿದ್ದು ನಮ್ಮ ಊರೇ ಅಲ್ವಾ," ಎಂದರು ಅದನ್ನು ತಂದ ಕೃಷಿಕರು. "ಹಾಗೆ ಕಟ್ಟಿಗೆಯನ್ನೂ ನಾವೇ ತಂದೆವು."

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ನಲವತ್ತೊಂದನೆಯ ಮನೆಗೆ ಗುರುತು ಬಿತ್ತು. ಎರಡು ಸಲ ಕೂಡಿಸಿದೆ. ಸರಿ ಇತ್ತು. ತಂಡೇಲನಿಗೆ "ಮುಗಿಯಿತು" ಎಂದೆ. ಕಾಪುವಿನ ಹತ್ತಿರ ಹೊಳೆಬದಿಯ ಒಂದು ಕೇರಿಯಿಂದ ಅವನಿಗೆ ಆಗಲೇ ಕರೆ ಬಂದಿತ್ತು. ಗಂಜಿ ಕುಡಿದು ಹೋಗಿ ಎಂದರೆ ಕೇಳಲಿಲ್ಲ. ದೋಣಿಯನ್ನು ಟೆಂಪೊ ಮೇಲೆ ಏರಿಸಿ ಹನ್ನೆರಡೂವರೆಗೆ ಹೊರಟುಹೋದರು. ರಿಕ್ಷಾದವನು ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ಅಡ್ಡಬಿದ್ದ. ನಾನು ಪಟ್ಟಿಯ ಕೆಳಗೆ ಸಮಯ ಬರೆದು ಸಹಿ ಹಾಕಿದೆ. ಸಹಿ ಬೇಕೆಂದು ಯಾರೂ ಕೇಳಿರಲಿಲ್ಲ, ಅಭ್ಯಾಸ.

ಹನ್ನೆರಡೂ ಐವತ್ತಕ್ಕೆ ಗುರುತಿಲ್ಲದ ಒಬ್ಬ ಬಂದ.

ರಸ್ತೆಯ ಕಡೆಯಿಂದ ಓಡಿಕೊಂಡು ಬಂದವನು ಜಗಲಿಯ ಕೆಳಗೆ ನಿಂತ. ಇಪ್ಪತ್ತೈದು, ಇಪ್ಪತ್ತಾರು ವರ್ಷ ಇರಬಹುದು. ಮೊಣಕಾಲಿನವರೆಗೆ ಸಿಮೆಂಟಿನ ಬಿಳಿ. ಒಳಗಿದ್ದ ಒಂದೊಂದೇ ಮುಖವನ್ನು ನೋಡುತ್ತಾ ಬಂದು ಕೊನೆಗೆ ನನ್ನ ಮುಂದೆ ನಿಂತ. ನನ್ನ ಕೈಯಲ್ಲಿ ಪುಸ್ತಕ ಇತ್ತಲ್ಲ.

"ಅಮ್ಮಾರ, ನಮ್ಮಾಕಿ ಎಲ್ಲಿ ಅದಾಳ್ರೀ?"

ಬಾಗಲಕೋಟೆ ಕಡೆಯವನು. ಮಣಿಪಾಲದಲ್ಲಿ ದೊಡ್ಡ ಕಟ್ಟಡವೊಂದರ ಕೆಲಸ. ತಳದಲ್ಲಿ ನೀರು ತುಂಬಿದ್ದರಿಂದ ರಾತ್ರಿಯಿಡೀ ಪಂಪ್ ಹಾಕಿಸಿ ಅಲ್ಲೇ ಉಳಿಸಿಕೊಂಡಿದ್ದರಂತೆ. ಬೆಳಿಗ್ಗೆಯಿಂದ ಹೆಂಡತಿಯ ಫೋನ್ ಹತ್ತುತ್ತಿರಲಿಲ್ಲ. ಬಸ್ಸಿಲ್ಲದೆ ನಡೆದು, ಯಾರದೋ ಬೈಕ್ ಹಿಡಿದು, ಮತ್ತೆ ನಡೆದು ಬಂದಿದ್ದ.

ನಾನು ಪುಸ್ತಕ ಬಿಡಿಸಿದೆ. "ಎಲ್ಲರೂ ಬಂದಿದ್ದಾರೆ. ಇಲ್ಲೇ ಎಲ್ಲಾದರೂ ಇರಬೇಕು. ನಿಮ್ಮ ಮನೆಯ ಹೆಸರು ಎಂತ?"

"ಹೆಸರಿಲ್ರೀ."

"ಮನೆಗೆ ಹೆಸರು ಇರುತ್ತದಲ್ಲ, ಯಾವ ಮನೆ?"

"ಮನಿ ಅಲ್ರೀ, ಶೆಡ್ ಐತ್ರಿ. ತೆಂಗಿನ ತ್ವಾಟದಾಗ, ದೊಡ್ಡ ಮನಿ ಹಿಂದ. ದುಬೈ ಸಾವ್ಕಾರ್ರದು. ಆಕಿ ಒಬ್ಬಾಕಿನ ಅದಾಳ್ರೀ. ಕೂಸು ಐತ್ರಿ. ಏಳು ತಿಂಗಳ ಕೂಸು."

ಹದಿನೇಳನೆಯ ಮನೆ. ಬೀಗ. ನನ್ನದೇ ಅಕ್ಷರ, ನನ್ನದೇ ಗುರುತು. ಅದರ ಹಿಂದೆ ಒಂದು ಶೆಡ್ ಇರುವುದು ನನಗೆ ಗೊತ್ತಿಲ್ಲದ್ದಲ್ಲ. ಆ ಹುಡುಗಿ ಬಾವಿಯ ಬಳಿ ಬಟ್ಟೆ ಒಗೆಯುವುದನ್ನು ರಸ್ತೆಯಿಂದ ಎಷ್ಟೋ ಸಲ ಕಂಡಿದ್ದೇನೆ. ಆದರೆ ಅದು ಹೇಳಿಕೆಯ ಮನೆ ಅಲ್ಲ. ನಾವು ಎಂದೂ ಅಲ್ಲಿ ಹೋಗಿ ಕರೆದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದರಿಂದ ಬೆಳಿಗ್ಗೆಯಿಂದ ನನ್ನ ತಲೆಯಲ್ಲೂ ಇರಲಿಲ್ಲ.

ವಾರ್ಡಿನಲ್ಲಿ ಹಾಸಿಗೆ ಸಾಲದೆ ನೆಲದ ಮೇಲೆ ಚಾಪೆ ಹಾಕಿ ಮಲಗಿಸಿದವರು ಇರುತ್ತಿದ್ದರು. ಅವರಿಗೆ ಹಾಸಿಗೆಯ ನಂಬರ್ ಇಲ್ಲ. ಡ್ಯೂಟಿ ಬದಲಾಗುವಾಗ ಹೊಸ ಹುಡುಗಿಯರು ಅವರನ್ನು ಬಿಟ್ಟು ಲೆಕ್ಕ ಒಪ್ಪಿಸಿದರೆ ನಾನು ಎಲ್ಲರ ಎದುರು ಬೈದು, ಮತ್ತೆ ಮೊದಲಿನಿಂದ ಎಣಿಸಲು ಹಚ್ಚುತ್ತಿದ್ದೆ. ನೆಲದವರನ್ನು ಮೊದಲು ಎಣಿಸಿ ಎನ್ನುತ್ತಿದ್ದೆ.

ಕೂಡಲೇ ನಂಬರ್ ಒತ್ತಿದೆ. ತಂಡೇಲ ಫೋನ್ ತೆಗೆದ. ಟೆಂಪೊ ಆಗಲೇ ಹೆದ್ದಾರಿಯಲ್ಲಿ ತುಂಬ ಮುಂದೆ ಹೋಗಿತ್ತು.

"ಒಂದು ಮನೆ ಬಿಟ್ಟುಹೋಗಿದೆ. ತಪ್ಪು ನನ್ನದು," ಎಂದೆ.

"ತಪ್ಪಿನ ವಿಷಯ ಆಮೇಲೆ ಮಾತಾಡುವ. ಎಷ್ಟು ಜನ?"

"ಒಬ್ಬಳು ತಾಯಿ, ಏಳು ತಿಂಗಳ ಮಗು. ತಗಡಿನ ಶೆಡ್."

ಕಾಪುವಿನ ಕಡೆಯೂ ಜನ ಕಾಯುತ್ತಿದ್ದರು. ಅವನು ಯಾರಿಗೋ ಕೂಗಿ ಹೇಳುವುದು ಕೇಳಿತು: "ಭಾವನಿಗೆ ಫೋನ್ ಮಾಡು, ಅವನ ದೋಣಿ ಹೇಗೂ ಹೊರಟಿದೆ, ಕಾಪುವಿಗೆ ಅವನು ಹೋಗಲಿ." ಮತ್ತೆ ನನಗೆ, "ತಿರುಗಿಸುತ್ತೇನೆ. ಗೇಟಿನ ಹತ್ತಿರ ಹತ್ತು ಜನ ಇರಲಿ, ದೋಣಿ ಇಳಿಸುವುದಕ್ಕೆ. ಸಮಯ ಇಲ್ಲ."

ಹತ್ತಲ್ಲ, ಮೂವತ್ತು ಜನ ನಿಂತಿದ್ದರು. ಬೆಳಿಗ್ಗೆ ದೋಣಿಯಲ್ಲಿ ಬಂದವರೇ, ಗಂಜಿಯ ಬಟ್ಟಲು ಕೆಳಗಿಟ್ಟು ಬಂದಿದ್ದರು. ಒಂದೂ ಮೂವತ್ತೈದಕ್ಕೆ ಟೆಂಪೊ ಬಂದು ನಿಂತಾಗ ದೋಣಿ ಕೆಳಗಿಳಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. ತಂಡೇಲ, ಅವನ ಒಬ್ಬ ಜೊತೆಗಾರ, ದಾರಿಗೆ ರಿಕ್ಷಾದವನು. ಗಂಡನೂ ಹತ್ತಿದ.

"ಈಜು ಬರುತ್ತದಾ?" ಎಂದು ತಂಡೇಲ ಕೇಳಿದ.

"ಇಲ್ರೀ."

"ಹಾಗಾದರೆ ನಡುವೆ ಕೂತುಕೋ. ಏಳಬೇಡ. ಹೆಂಡತಿ ಕಂಡರೂ ಏಳಬೇಡ. ಗೊತ್ತಾಯಿತಾ?"

ಅವನು ತಲೆಯಾಡಿಸಿದ. ನಾನೂ ಹತ್ತಲು ಕಾಲು ಮುಂದಿಟ್ಟೆ.

"ನೀವು ಬೇಡ ಅಮ್ಮ. ನೀವು ಬಂದರೆ ಬರುವಾಗ ಅವಳಿಗೆ ಜಾಗ ಇಲ್ಲ. ಇಲ್ಲಿ ಬಿಸಿನೀರು ಇಟ್ಟುಕೊಂಡಿರಿ."

ದೋಣಿ ಗದ್ದೆಯ ಮೇಲಿನಿಂದ ಹೋಗಿ ತೆಂಗಿನ ಮರಗಳ ಸಾಲಿನಲ್ಲಿ ತಿರುಗಿತು. ಯಂತ್ರದ ಶಬ್ದ ಸ್ವಲ್ಪ ಹೊತ್ತು ಕೇಳಿತು, ಆಮೇಲೆ ಮಳೆಯ ಶಬ್ದವೇ.

ಬಿಸಿನೀರು ಇಡಲು ಹೇಳಿ ಗೇಟಿಗೆ ಹಿಂತಿರುಗಿದೆ. ಶಾಲೆಯಿಂದ ಒಂದು ಸೀಮೆಸುಣ್ಣ ತಂದಿದ್ದೆ. ಒಂದೂ ನಲವತ್ತಕ್ಕೆ ಕಂಬದ ಮೇಲೆ, ನೀರಿನ ಅಂಚಿನಲ್ಲಿ, ಒಂದು ಗೆರೆ ಎಳೆದೆ. ಕೊಡೆ ಹಿಡಿದು ನೀರಿನ ಪಕ್ಕ ನಿಂತೆ. ನಿಂತಲ್ಲೇ ಲೆಕ್ಕ ಹಾಕಿದೆ. ದೋಣಿ ಹತ್ತುವ ಮೊದಲು ಗಂಡ ಹೇಳಿದ್ದ, ಶೆಡ್ಡಿನಲ್ಲಿ ತಾನು ನೆಟ್ಟಗೆ ನಿಂತರೆ ತಲೆಗೆ ತಗಡು ತಾಗುತ್ತದೆ ಎಂದು. ಆರು ಅಡಿ ಇಟ್ಟುಕೊಳ್ಳೋಣ. ದುಬೈಯವರ ತೋಟ ಶಾಲೆಯ ಗೇಟಿಗಿಂತ ಒಂದು ಅಡಿಯಾದರೂ ತಗ್ಗು. ಗೇಟಿನ ಹತ್ತಿರ ನೀರು ಮೂರು ಅಡಿ. ಅಂದರೆ ಅಲ್ಲಿ ನಾಲ್ಕು. ಅವಳ ಎತ್ತರ ನನಗೆ ಗೊತ್ತಿರಲಿಲ್ಲ. ರಸ್ತೆಯಿಂದ ನೋಡಿದ್ದೆನಲ್ಲ, ಕೂತು ಬಟ್ಟೆ ಒಗೆಯುವಾಗ ಮಾತ್ರ.

ಎರಡು ಗಂಟೆ. ಗೆರೆ ಮುಳುಗಿತ್ತು. ನಾಲ್ಕು ಬೆರಳು ಮೇಲೆ ಇನ್ನೊಂದು ಎಳೆದೆ.

ಪಂಚಾಯತ್ ಸದಸ್ಯೆ ಬಂದು, "ಸಿಸ್ಟ್ರಕ್ಕ, ಮೇಲೆ ಬನ್ನಿ, ಮಳೆಯಲ್ಲಿ ನಿಂತು ಎಂತ ಮಾಡುತ್ತೀರಿ?" ಎಂದಳು. ನಾನು ಕಂಬದ ಗೆರೆ ತೋರಿಸಿದೆ. ಅವಳೂ ಹೋಗಲಿಲ್ಲ. ನಮ್ಮ ಹಿಂದೆ ಇಳಿಜಾರಿನಲ್ಲಿ ಜನ ನಿಂತಿದ್ದರು. ಎಲ್ಲರ ಕಣ್ಣೂ ಮರಗಳ ಸಾಲಿನ ಮೇಲೆ. ಹಾಸಿಗೆ ಹಿಡಿದ ಅಜ್ಜಿ ಮಾತ್ರ ಒಳಗಿನಿಂದ, ದೋಣಿ ಬಂತಾ, ಬಂತಾ ಎಂದು ಕೇಳುತ್ತಿದ್ದಳು.

ಎರಡೂ ಇಪ್ಪತ್ತು. ಮತ್ತೆ ನಾಲ್ಕು ಬೆರಳು. ಮೂರನೆಯ ಗೆರೆ. ಹೋಗಲು ಹತ್ತು ನಿಮಿಷ, ಬರಲು ಹತ್ತು ನಿಮಿಷ. ಇಪ್ಪತ್ತರಲ್ಲಿ ಮುಗಿಯಬೇಕಾದದ್ದು ನಲವತ್ತಾದರೂ ಮುಗಿದಿರಲಿಲ್ಲ. ಅವಳು ಅಲ್ಲಿ ಇಲ್ಲದಿದ್ದರೆ ಎಲ್ಲಿ ಹುಡುಕುತ್ತಿರಬಹುದು, ಹುಡುಕಿ ಸಿಕ್ಕದಿದ್ದರೆ ಗಂಡನನ್ನು ನಡುವೆ ಕೂರಿಸಿಕೊಂಡು ಹೇಗೆ ವಾಪಸು ಬರುತ್ತಾರೆ ಎಂದು ಯೋಚನೆ ಬಂತು. ಆ ಯೋಚನೆಯನ್ನು ನಿಲ್ಲಿಸಲು ಮೇಲೆ ಏನೇನು ಸಿದ್ಧ ಇರಬೇಕು ಎಂದು ಮನಸ್ಸಿನಲ್ಲಿ ಒಂದೊಂದಾಗಿ ಹೇಳಿಕೊಂಡೆ. ಮೈ ಒರೆಸಲು ಒಣ ಬೈರಾಸು. ಕಂಬಳಿ. ಬಿಸಿನೀರಿನ ಬಾಟಲಿ. ಹೇಳಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಹೇಳಿದೆ.

ಎರಡೂ ಮೂವತ್ತೊಂದಕ್ಕೆ ಯಂತ್ರದ ಶಬ್ದ ಕೇಳಿತು.

ಮರಗಳ ಸಾಲಿನಿಂದ ದೋಣಿ ಹೊರಗೆ ಬಂದಾಗ ಎಣಿಸಿದೆ. ಹೋದದ್ದು ನಾಲ್ಕು ಜನ. ಈಗ ಐದು ತಲೆ. ಮತ್ತೆ ಎಣಿಸಿದೆ. ಐದೇ. ಆರನೆಯದು ಅವಳ ಸೆರಗಿನ ಒಳಗಿತ್ತು, ಅದು ದೋಣಿ ಗೇಟಿಗೆ ತಾಗುವವರೆಗೆ ಕಾಣಲಿಲ್ಲ.

ಮಗು ಅಳುತ್ತಿರಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ. ಕೈಗೆ ತೆಗೆದುಕೊಂಡರೆ ಒದ್ದೆ ಬಟ್ಟೆಯ ಮೂಟೆಯ ಹಾಗೆ ಭಾರ, ತಣ್ಣಗೆ. ತುಟಿಯ ಸುತ್ತ ನೀಲಿ. ಉಸಿರು ಇತ್ತು, ಸಣ್ಣದಾಗಿ. ಗುಡ್ಡೆ ಹತ್ತುತ್ತಲೇ ಬಟ್ಟೆ ಬಿಚ್ಚಿದೆ. ತರಗತಿಯೊಳಗೆ ಹೋಗಿ ಬಾಗಿಲು ಮುಚ್ಚಿಸಿ, ಗಂಡನಿಗೆ "ಶರ್ಟ್ ತೆಗಿ, ಮೈ ಒರೆಸಿಕೋ, ಇಲ್ಲಿ ಕೂತುಕೋ" ಎಂದೆ.

"ನಾ ಏನ್ ಮಾಡ್ಲಿರೀ?"

"ಏನೂ ಮಾಡಬೇಡ. ನಿನ್ನ ಮೈಯ ಬಿಸಿ ಸಾಕು."

ಮಗುವನ್ನು ಒರೆಸಿ ಅವನ ಬರಿ ಎದೆಯ ಮೇಲೆ ಮಲಗಿಸಿ, ಎರಡು ಕಂಬಳಿ ಸುತ್ತಿ, ತಲೆಗೆ ಒಣ ಬಟ್ಟೆ ಕಟ್ಟಿದೆ. ಅಜೆಕಾರಿನ ಕಟ್ಟಿಗೆಯ ಮೇಲೆ ಕಾದ ನೀರನ್ನು ಕುಡಿಯುವ ಬಾಟಲಿಗಳಲ್ಲಿ ತುಂಬಿ, ಬೈರಾಸಿನಲ್ಲಿ ಸುತ್ತಿ ಕಂಬಳಿಯ ಹೊರಗೆ ಎರಡು ಕಡೆ ಇಟ್ಟೆ. ತಾಯಿಗೆ ಒಣ ಸೀರೆ ಯಾರೋ ಕೊಟ್ಟರು. ಅವಳು ಉಟ್ಟು ಬಂದು, ಗೋಡೆಗೆ ಒರಗಿ, ಚಳಿಗೆ ಹಲ್ಲು ಕಟಕಟಿಸುತ್ತಾ ಮಗುವಿನ ತಲೆಯನ್ನೇ ನೋಡುತ್ತಾ ಕೂತಳು. ನಾನು ಗಡಿಯಾರ ಹಿಡಿದು ಉಸಿರು ಎಣಿಸಿದೆ. ಐದು ನಿಮಿಷಕ್ಕೊಮ್ಮೆ ಪಾದ ಮುಟ್ಟಿ ನೋಡಿದೆ. ಎರಡೂ ನಲವತ್ತೈದಕ್ಕೆ ಪಾದ ತಣ್ಣಗೇ ಇತ್ತು. ಎರಡೂ ಐವತ್ತಕ್ಕೂ. ಟೆಂಪೊದವನಿಗೆ ಇಂಜಿನ್ ಚಾಲೂ ಇಟ್ಟುಕೊಂಡಿರಲು ಹೇಳಿ ಕಳುಹಿಸಿದೆ.

ಎರಡೂ ಐವತ್ತೆಂಟಕ್ಕೆ ಮಗು ಮುಖ ಸುಕ್ಕು ಮಾಡಿತು. ಮೊದಲು ಶಬ್ದ ಇಲ್ಲ. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸ್ವರ. ಆಮೇಲೆ ಶಾಲೆಗೆ ಶಾಲೆಯೇ ಕೇಳುವ ಹಾಗೆ ಕಿರುಚಿತು. ಹೊರಗೆ ಜಗಲಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಜ್ಜಿ ಪಕ್ಕದ ಕೋಣೆಯಿಂದ, "ಈಗ ಅದು ಮಗುವಿನ ಸ್ವರ!" ಎಂದಳು.

ಗಂಡ ಅಲ್ಲಾಡದೆ ಕೂತಿದ್ದ. ಏಳಬೇಡ ಎಂದು ದೋಣಿಯಲ್ಲಿ ತಂಡೇಲ ಹೇಳಿದ್ದು ಇನ್ನೂ ಜಾರಿಯಲ್ಲಿದೆ ಎಂಬ ಹಾಗೆ. ಕಣ್ಣಿನಿಂದ ನೀರು ಮಾತ್ರ ಗಡ್ಡದವರೆಗೆ ಇಳಿಯುತ್ತಿತ್ತು.

ತಾಯಿಗೆ ಬಿಸಿ ಗಂಜಿ ಕುಡಿಸುವಾಗ ಕೇಳಿದೆ, ಇಷ್ಟು ಹೊತ್ತು ಹೇಗೆ ಇದ್ದೆ ಎಂದು.

ಶೆಡ್ಡಿನ ತಗಡಿನ ಅಡಿಯ ಪೈಪಿಗೆ ಸೀರೆಯ ಜೋಳಿಗೆ ಕಟ್ಟಿ ಮಗುವನ್ನು ಅದರಲ್ಲಿ ಮಲಗಿಸುವುದು ಅವರ ದಿನದ ಅಭ್ಯಾಸ. ನೀರು ಮಂಚಕ್ಕೆ ಬಂದಾಗ ಅವಳು ಮಂಚದ ಮೇಲೆ ನಿಂತು ಜೋಳಿಗೆಯ ಗಂಟು ಬಿಚ್ಚಿ ಮೇಲೆ ಕಟ್ಟಿದಳು. ಮತ್ತೆ ಏರಿದಾಗ ಮತ್ತೆ ಕಟ್ಟಿದಳು. ಹಾಗೆ ಮೂರು ಸಲ. ದೋಣಿ ಬರುವಾಗ ಮಂಚದ ಮೇಲೆ ನಿಂತವಳಿಗೆ ಸೊಂಟದವರೆಗೆ ನೀರು, ಜೋಳಿಗೆ ತಗಡಿಗೆ ತಾಗುತ್ತಿತ್ತು, ಇನ್ನೊಂದು ಗಂಟಿಗೆ ಜಾಗ ಇರಲಿಲ್ಲ. ಬಾಗಿಲು ನೀರಿನ ಒತ್ತಡಕ್ಕೆ ತೆರೆಯಲಿಲ್ಲವೆಂದು ತಂಡೇಲ ಮೇಲಿನ ತಗಡು ಕಿತ್ತು ಮೊದಲು ಮಗುವನ್ನು, ಆಮೇಲೆ ಅವಳನ್ನು ಎತ್ತಿದ್ದ. ತಡವಾದದ್ದು ಅದಕ್ಕೆ.

"ಬೆಳಿಗ್ಗೆಯೇ ಯಾಕೆ ಹೊರಗೆ ಬರಲಿಲ್ಲ? ದೊಡ್ಡ ಮನೆಗೆ ಹೊರಗಿನಿಂದ ಮೆಟ್ಟಿಲುಂಟಲ್ಲ, ತಾರಸಿಗೆ?"

"ಬಂದಿದ್ದೆನ್ರೀ. ಹತ್ತು ಗಂಟೇಕ್ಕ ನೀರು ಮೊಣಕಾಲಿಗೆ ಇತ್ತು. ಮೆಟ್ಲ ಕಡೆ ಹೊಂಟಿದ್ದೆ. ಅಷ್ಟರಾಗ ದೋಣಿ ಬಂತು, ಕೈ ಮಾಡಿ ಕರದ್ನಿ. ಆಮ್ಯಾಲ ಬರ್ತೀವಿ, ಅಲ್ಲೇ ಇರು ಅಂದ್ರು." ಅವಳು ಬಟ್ಟಲು ಕೆಳಗಿಟ್ಟಳು. "ಅದಕ್ಕ ಒಳಗ ಹೋಗಿ ಕುಂತೆನ್ರೀ. ನಾ ಅತ್ತಾಗ ಇತ್ತಾಗ ಹೋದ್ರ ಅವರು ಬಂದು ಹುಡುಕ್ತಾರ ಅಂತ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ರಿಕ್ಷಾದವನು ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡಿದೆ, ಅವನು ನೆಲ ನೋಡಿದ.

ಮೂರೂಕಾಲಿಗೆ ಮೂವರನ್ನೂ ಟೆಂಪೊದಲ್ಲಿ ಕೂರಿಸಿ ಆಸ್ಪತ್ರೆಗೆ ಕಳುಹಿಸಿದೆವು, ಒಮ್ಮೆ ಡಾಕ್ಟರು ನೋಡಲಿ ಎಂದು. ಆಮೇಲೆ ರಿಕ್ಷಾದವನು ಜಗಲಿಯ ಕೊನೆಗೆ ಬಂದು ನನ್ನ ಪಕ್ಕ ಕೂತ.

"ನಾನೇ ಸಿಸ್ಟ್ರಕ್ಕ, ಆಮೇಲೆ ಅಂದದ್ದು. ನೀವು ಅಂದಿರಲ್ಲ, ಯಾರು ಕೂಗಿದರೂ... ನಾನು ಅಂದುಕೊಂಡೆ, ದೊಡ್ಡ ಮನೆಯ ನಂಬರ್ ಬರುವಾಗ ಅವಳೂ ಬರುತ್ತಾಳೆ ಎಂದು. ನೋಡಿದರೆ ಆ ನಂಬರಿಗೆ ಗುರುತು ಬಿದ್ದಿತ್ತು. ಸಿಸ್ಟ್ರಕ್ಕ ಗುರುತು ಹಾಕಿದ್ದಾರೆ ಅಂದ ಮೇಲೆ ಅವಳು ಬೇರೆ ಹೇಗೋ ಬಂದಿರಬೇಕು ಅಂತ..."

"ನಾನು ಹೇಳಿದ್ದನ್ನೇ ನೀನು ಹೇಳಿದ್ದು," ಎಂದೆ.

"ಆದರೂ ನನ್ನ ಬಾಯಿಂದಲೇ ಬಂತಲ್ಲ."

ಗೇಟಿನ ಕಂಬದಲ್ಲಿ ನನ್ನ ಮೂರು ಗೆರೆಗಳೂ ಕಾಣದಾಗಿದ್ದವು. ತಂಡೇಲ ದೋಣಿಗೆ ಹಗ್ಗ ಬಿಗಿದು ಬಂದು, ಕೊನೆಗೂ ಒಂದು ಬಟ್ಟಲು ಗಂಜಿ ಕೇಳಿ ತೆಗೆದುಕೊಂಡ. ತಪ್ಪಿನ ವಿಷಯ ಆಮೇಲೆ ಮಾತಾಡುವ ಎಂದಿದ್ದ; ಉಪ್ಪಿನಕಾಯಿ ಉಂಟಾ ಎಂದು ಮಾತ್ರ ಕೇಳಿದ.

ಪುಸ್ತಕ ತೆರೆದು ನನ್ನ ಸಹಿಯನ್ನು ಹೊಡೆದುಹಾಕಿದೆ. ಕೆಳಗೆ ನಲವತ್ತೆರಡು ಎಂದು ಬರೆದು, ಮನೆಯ ಹೆಸರಿನ ಕಾಲಂ ಖಾಲಿ ಬಿಟ್ಟು, ಜನ ಮೂರು ಎಂದು ಬರೆದೆ. ಮರುದಿನ ನೀರು ಇಳಿದ ಮೇಲೆ ರಿಕ್ಷಾದವನನ್ನು ಕರೆದುಕೊಂಡು ತೋಟಗಳ ಹಿಂದೆ, ಗೋದಾಮಿನ ಪಕ್ಕ, ಎಲ್ಲ ಕಡೆ ನಡೆದೆ. ಅಂಥ ಶೆಡ್ಡುಗಳು ಇನ್ನೂ ಐದು ಸಿಕ್ಕಿದವು. ಅವು ಎತ್ತರದ ಜಾಗದಲ್ಲಿದ್ದವು, ಅಷ್ಟೇ.

ಡಿಸೆಂಬರಿನಲ್ಲಿ ಭಜನಾ ಮಂದಿರದ ಕಾರ್ಯಕ್ರಮಕ್ಕೆ ಹೇಳಿಕೆ ಶುರು ಮಾಡಿದೆವು. ಮೊದಲ ಮನೆಯಿಂದ ಹೊರಡುವುದು ಕ್ರಮ. ಆ ವರ್ಷ ನಾನು ನಲವತ್ತೆರಡರಿಂದ ಹೊರಟೆ. ಶೆಡ್ಡಿಗೆ ಹೊಸ ತಗಡು ಬಂದಿತ್ತು. ಅವಳು ಬಾವಿಯ ಬಳಿ ಬಟ್ಟೆ ಒಗೆಯುತ್ತಿದ್ದಳು. ಮಗು ಬಕೆಟಿನ ಅಂಚು ಹಿಡಿದು ನಿಂತಿತ್ತು. ನಮ್ಮನ್ನು ಕಂಡು ಅವಳು ಎದ್ದು ಕೈ ಒರೆಸಿಕೊಂಡಳು. ನನ್ನ ಭುಜಕ್ಕಿಂತ ಸ್ವಲ್ಪ ಮೇಲೆ ಬರುತ್ತಾಳೆ, ಅಷ್ಟೇ ಎತ್ತರ.

ನಾನು ಅಂಗಳದಲ್ಲಿ ನಿಂತು, ಎಲ್ಲ ಮನೆಗಳಲ್ಲಿ ಹೇಳುವ ಹಾಗೆ ಹೇಳಿದೆ: ಶನಿವಾರ ಭಜನೆ ಉಂಟು, ಮನೆಯವರೆಲ್ಲ ಬರಬೇಕು, ರಾತ್ರಿ ಊಟಕ್ಕೂ ಅಲ್ಲೇ ಇರಬೇಕು.

"ನಮಗಾ ರೀ?" ಎಂದಳು.

"ನಿಮಗೇ. ಆರು ಗಂಟೆಗೆ ಸರಿಯಾಗಿ."

ಅವಳು ಬಾಯಿಗೆ ಸೆರಗು ಹಿಡಿದು ರಿಕ್ಷಾದವನ ಕಡೆ ನೋಡಿದಳು.

"ಆರಕ್ಕ ಬಂದ್ರ ಆಮ್ಯಾಲ ಬಾ ಅನ್ನಂಗಿಲ್ಲ ಮತ್ತ, ಅಣ್ಣಾರ!"

ಅವನ ಕಿವಿ ಕೆಂಪಾಯಿತು. ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದ. ನಾನು ಪುಸ್ತಕ ತೆಗೆದು ಹೇಳಿಕೆ ಆಯಿತು ಎಂದು ಗುರುತು ಹಾಕಿದೆ. ಹಾಕುವ ಮೊದಲು ಒಮ್ಮೆ ತಲೆಯೆತ್ತಿ ಶೆಡ್ಡಿನ ಹಿಂದೆ ಇನ್ನೇನಾದರೂ ಉಂಟೋ ಎಂದು ನೋಡಿದೆ.